ಐವತ್ತರಲ್ಲಿ ಕರಣೆ ಹಿಡಿದರೆ ಅವಮಾನವೇ?

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಯಲ್ಲಿ ಮೂರು ಶುಕ್ರವಾರಗಳಂದು ಜುಮಾ ನಮಾಝಿಗೆ ಮುನ್ನ ಕನ್ನಡದಲ್ಲಿ ನೀಡಿದ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಕೊನೆಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಹಾಗೂ ಶಾಂತಿ ಇರಲಿ.



ಇಂದು ಶುಕ್ರವಾರ. ನಿಮ್ಮಲ್ಲಿ ಹಲವರು ಬೆಳಗ್ಗೆ ಅಲ್-ಕಹ್ಫ್ ಅಧ್ಯಾಯವನ್ನು ಪಾರಾಯಣ ಮಾಡಿ ಬಂದಿರುತ್ತೀರಿ. ಅದರಲ್ಲಿ ಪ್ರವಾದಿ ಮೂಸಾ(ಅ)ರ ಒಂದು ಪ್ರಯಾಣದ ಪ್ರಸಂಗವಿದೆ. ಫಿರ್‌ಔನನ ಎದುರು ನಿಂತವರು, ಅಲ್ಲಾಹನೊಂದಿಗೆ ಮಾತನಾಡಿದವರು, ಒಂದು ಸಮುದಾಯದ ನಾಯಕರು ಅವರು. ಅಂಥವರು ತನಗಿಲ್ಲದ ಜ್ಞಾನ ಇನ್ನೊಬ್ಬನಲ್ಲಿದೆ ಎಂದು ತಿಳಿದ ಕೂಡಲೇ ಬುತ್ತಿ ಕಟ್ಟಿಕೊಂಡು ಹೊರಟರು. ಖಿದ್ರ್(ಅ)ರನ್ನು ಕಂಡಾಗ, ನಿಮಗೆ ಕಲಿಸಲಾದುದನ್ನು ನನಗೂ ಕಲಿಸುವಿರಾದರೆ ನಿಮ್ಮ ಹಿಂದೆ ಬರಲೇ ಎಂದು ಕೇಳಿದರು. ಅಪ್ಪಣೆ ಕೊಡಲಿಲ್ಲ, ಅನುಮತಿ ಬೇಡಿದರು. ನಿನಗೆ ತಾಳ್ಮೆ ಸಾಲದು ಎಂಬ ಮಾತನ್ನು ಕೇಳಿಸಿಕೊಂಡರು. ಆದರೂ ಹಿಂದೆ ನಡೆದರು.

ಆ ಪಾಠ ಎಲ್ಲಿ ಮುಗಿಯಿತು ಗಮನಿಸಿ. ಒಂದು ಊರಿಗೆ ಬಂದರು. ಊರಿನವರು ಊಟ ಕೊಡಲು ಒಪ್ಪಲಿಲ್ಲ. ಅಲ್ಲಿ ಬೀಳುವ ಸ್ಥಿತಿಯಲ್ಲಿದ್ದ ಒಂದು ಗೋಡೆ ಇತ್ತು. ಖಿದ್ರ್(ಅ) ಅದನ್ನು ಸರಿಪಡಿಸಿ ನಿಲ್ಲಿಸಿದರು. ಇದಕ್ಕೆ ಕೂಲಿಯನ್ನಾದರೂ ಕೇಳಬಹುದಿತ್ತಲ್ಲ ಎಂದರು ಮೂಸಾ(ಅ). ಗೋಡೆಯ ಅಡಿಯಲ್ಲಿ ಇಬ್ಬರು ಅನಾಥ ಬಾಲಕರ ನಿಧಿ ಇದೆ, ಅವರು ದೊಡ್ಡವರಾಗುವ ತನಕ ಅದು ಉಳಿಯಬೇಕಿತ್ತು ಎಂಬುದು ಆಮೇಲೆ ತಿಳಿಯಿತು. ಒಬ್ಬ ಪ್ರವಾದಿಗೆ ಅಲ್ಲಾಹನು ಕೊಡಿಸಿದ ಪಾಠಗಳಲ್ಲಿ ಕೊನೆಯದು ಒಂದು ಗಾರೆ ಕೆಲಸದ ಜಾಗದಲ್ಲಿ ನಡೆಯಿತು!

ಈ ಪ್ರಸಂಗವನ್ನು ಇಂದು ಎತ್ತಲು ಕಾರಣವಿದೆ. ಒಂದೂವರೆ ವರ್ಷದ ಹಿಂದೆ ನಮ್ಮ ಜಮಾಅತಿನ ಒಬ್ಬ ಸಹೋದರ ಅಸ್ರ್ ನಮಾಝಿನ ನಂತರ ಎಲ್ಲರೂ ಹೋಗುವವರೆಗೆ ಕಾದು ನನ್ನ ಬಳಿ ಬಂದರು. ವಯಸ್ಸು ನಲವತ್ತೊಂಬತ್ತು. ಹದಿನೆಂಟು ವರ್ಷ ಗಲ್ಫ್‌ನಲ್ಲಿ ಡ್ರೈವರ್ ಆಗಿದ್ದವರು. ಊರಿಗೆ ಬಂದು ಅಂಗಡಿ ಹಾಕಿದರು, ಅದು ನಡೆಯಲಿಲ್ಲ. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂದವಾಗಿ ರಾತ್ರಿ ಗಾಡಿ ಓಡಿಸುವುದೂ ಕಷ್ಟವಾಯಿತು. ಪಕ್ಕದ ಮನೆಯ ಹುಡುಗನೊಬ್ಬ ಟೈಲ್ಸ್ ಹಾಕುವ ಮೇಸ್ತ್ರಿ. ಇವರ ಮಗನ ವಯಸ್ಸಿನವನು, ಮುಸ್ಲಿಮನೂ ಅಲ್ಲ. "ಸಾಬ್ರೇ, ನನ್ನ ಜೊತೆ ಬನ್ನಿ, ಆರು ತಿಂಗಳಲ್ಲಿ ಕೆಲಸ ಕಲಿಸ್ತೀನಿ" ಎಂದು ಕರೆದಿದ್ದಾನೆ. ಇವರಿಗೆ ಹೋಗಲು ಮನಸ್ಸಿಲ್ಲ.

"ಹಜ್ರತ್, ಈ ವಯಸ್ಸಲ್ಲಿ ನಾನು ಬಾಂಡ್ಲಿ ಹೊತ್ರೆ ಜನ ಏನಂತಾರೆ?" ಎಂದು ಕೇಳಿದರು.

"ಜನ ಏನಂತಾರೋ ಆಮೇಲೆ ನೋಡೋಣ. ಹೋದ ತಿಂಗಳು ಮನೆಗೆ ಅಕ್ಕಿ ಯಾರು ತಂದರು?" ಎಂದೆ.

ಅವರು ತಲೆ ತಗ್ಗಿಸಿದರು. ಹೆಂಡತಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ತಂದ ದುಡ್ಡು ಅದು.

ಸಹೋದರರೇ, ಇದು ಒಬ್ಬರ ಕಥೆಯಲ್ಲ. ಈ ಮೂರೂ ತಾಲೂಕುಗಳಲ್ಲಿ ಇಂಥ ಮನೆಗಳು ನಿಮಗೆ ಗೊತ್ತು. ದುಡಿಯುವ ಶಕ್ತಿ ಇದೆ, ಕಲಿಯುವ ಬುದ್ಧಿ ಇದೆ, ಕಲಿಸುವವನೂ ಇದ್ದಾನೆ. ಅಡ್ಡ ಬಂದಿರುವುದು ಒಂದೇ, ನಾಚಿಕೆ. ಈ ನಾಚಿಕೆಗೆ ನಮ್ಮ ದೀನಿನಲ್ಲಿ ಬೇರು ಇದೆಯೇ ಎಂಬುದನ್ನು ನೋಡೋಣ.

ವಯಸ್ಸಿನ ವಿಷಯ ಮೊದಲು. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಗ್ರಂಥದ ಜ್ಞಾನದ ಅಧ್ಯಾಯದಲ್ಲಿ, ನಾಯಕರಾಗುವ ಮೊದಲೇ ಅರಿವನ್ನು ಗಳಿಸಿರಿ ಎಂಬ ಆಶಯದ ಉಮರ್(ರ)ರ ಮಾತನ್ನು ದಾಖಲಿಸಿದ್ದಾರೆ. ಅಷ್ಟಕ್ಕೇ ಬಿಡದೆ, ನಾಯಕರಾದ ಮೇಲೂ ಕಲಿಯಬೇಕು, ಪ್ರವಾದಿ(ಸ)ರ ಸಂಗಾತಿಗಳು ದೊಡ್ಡ ಪ್ರಾಯದಲ್ಲಿ ಕಲಿತವರು ಎಂದು ತಾವೇ ಸೇರಿಸಿದ್ದಾರೆ. ಸಹಾಬಿಗಳಲ್ಲಿ ಅನೇಕರು ಇಸ್ಲಾಮಿನ ಮೊದಲ ಪಾಠ ಕಲಿಯುವಾಗ ಮಕ್ಕಳೊಂದಿಗರಾಗಿದ್ದರು. ಈ ವಯಸ್ಸಿನಲ್ಲಿ ಏನು ಕಲಿಯುವುದು ಎಂದು ಅವರು ಹೇಳಿದ್ದರೆ ಈ ದೀನು ನಮ್ಮವರೆಗೆ ಬರುತ್ತಿರಲಿಲ್ಲ.

ಇನ್ನು ಕಟ್ಟಡ ಕೆಲಸ. ಕ್ರಿ.ಶ. 622ರಲ್ಲಿ ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಅವರಿಗೆ ಸುಮಾರು ಐವತ್ತಮೂರು ವರ್ಷ. ಮಸೀದಿ ಕಟ್ಟುವ ಕೆಲಸ ಆರಂಭವಾಯಿತು. ಸುಡದ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ಕಂಬ, ಅದರ ಗರಿಯ ಮಾಡು. ಆ ಇಟ್ಟಿಗೆಗಳನ್ನು ಪ್ರವಾದಿ(ಸ) ಸಂಗಾತಿಗಳೊಂದಿಗೆ ಸ್ವತಃ ಹೊತ್ತರು. ಐದು ವರ್ಷಗಳ ಬಳಿಕ ಕಂದಕ ತೋಡುವಾಗಲೂ ಮಣ್ಣು ಹೊತ್ತರು. ಕಂದಕದ ಉಪಾಯ ಅರಬರದ್ದಲ್ಲ, ಪರ್ಷಿಯದಿಂದ ಬಂದ ಸಲ್ಮಾನ್(ರ)ರದ್ದು. ಪರದೇಶದ ಒಬ್ಬರ ಸಲಹೆಯಂತೆ ಇಡೀ ಮದೀನಾ ಹೊಸ ಕೆಲಸ ಕಲಿಯಿತು. ಐವತ್ತು ದಾಟಿದ ಪ್ರವಾದಿವರ್ಯರ(ಸ) ಹೆಗಲಿಗೆ ಇಟ್ಟಿಗೆ ಅವಮಾನವಾಗದಿದ್ದರೆ ನಮ್ಮ ಹೆಗಲಿಗೆ ಹೇಗೆ ಅವಮಾನವಾಗುತ್ತದೆ?

ಇಬ್ರಾಹೀಮ್(ಅ)ರಿಗೆ ಮಕ್ಕಳಾದದ್ದೇ ಮುಪ್ಪಿನಲ್ಲಿ. ಆ ಮಗ ಬೆಳೆದು ದೊಡ್ಡವನಾದ ಮೇಲೆ ಕಅಬಾ ಕಟ್ಟುವ ಆಜ್ಞೆ ಬಂತು. ಬುಖಾರಿಯ ವರದಿಯ ಪ್ರಕಾರ ಅವರು ಬಂದಾಗ ಇಸ್ಮಾಈಲ್(ಅ) ಝಮ್‌ಝಮ್ ಬಳಿ ಮರದಡಿ ಕುಳಿತು ಬಾಣಗಳನ್ನು ಸರಿಮಾಡುತ್ತಿದ್ದರು. ಅಲ್ಲಾಹನು ನನಗೊಂದು ಕೆಲಸ ಹೇಳಿದ್ದಾನೆ, ನೆರವಾಗುವೆಯಾ ಎಂದು ತಂದೆ ಕೇಳಿದರು. ಮಗ ಕಲ್ಲು ತಂದುಕೊಟ್ಟರು, ತಂದೆ ಕಟ್ಟಿದರು. ಗೋಡೆ ಕೈಗೆಟುಕದಷ್ಟು ಎತ್ತರವಾದಾಗ ತಂದೆ ನಿಲ್ಲಲೆಂದು ಮಗ ಒಂದು ಕಲ್ಲು ತಂದಿಟ್ಟರು. ನಾವು ಹಜ್ಜ್‌ಗೆ ಹೋದಾಗ ಮಖಾಮೆ ಇಬ್ರಾಹೀಮ್ ಎಂದು ಗೌರವಿಸುವುದು ಅದನ್ನೇ. ಗಾರೆಯವರ ಭಾಷೆಯಲ್ಲಿ ಹೇಳುವುದಾದರೆ ಅದು ಒಬ್ಬ ವೃದ್ಧ ಕಟ್ಟಡಗಾರನ ಸಾರ್ವೆ. ದಾವೂದ್(ಅ) ಅರಸರಾಗಿದ್ದೂ ಕಬ್ಬಿಣದ ಕವಚ ಮಾಡಿ ತಮ್ಮ ಕೈ ದುಡಿಮೆಯಿಂದ ಉಣ್ಣುತ್ತಿದ್ದರು. ಝಕರಿಯ್ಯಾ(ಅ) ಬಡಗಿಯಾಗಿದ್ದರು. ಇವರಲ್ಲಿ ಯಾರೂ ಕೈಗೆ ಮಣ್ಣಾಯಿತೆಂದು ಅಲ್ಲಾಹನ ಬಳಿ ಸಣ್ಣವರಾಗಲಿಲ್ಲ.

ನಮ್ಮ ಮಲೆನಾಡಿನ ಮಣ್ಣಿಗೂ ಇದು ಹೊಸತಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಿತು. ಶರಾವತಿಯ ಹಿನ್ನೀರು ಗದ್ದೆ, ತೋಟ, ಮನೆ ಎಲ್ಲವನ್ನೂ ತೆಗೆದುಕೊಂಡಿತು. ಮುಳುಗಡೆಯ ಜನ ನಡುವಯಸ್ಸಿನಲ್ಲಿ, ಕೆಲವರು ಮುಪ್ಪಿನಲ್ಲಿ, ಗೊತ್ತಿಲ್ಲದ ಊರಿನಲ್ಲಿ ಮೊದಲಿನಿಂದ ಬದುಕು ಕಟ್ಟಿಕೊಂಡರು. ಈಗ 2025ರ ಜುಲೈ 14ರಂದು ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ದಶಕಗಳ ಕಾಲ ಲಾಂಚ್ ಕಾದ ಜನರಿಗೆ ಅದು ದೊಡ್ಡ ಅನುಗ್ರಹ. ಆದರೆ ದಡದಲ್ಲಿ ಕಾಯುವವರನ್ನೇ ನಂಬಿ ಚಹಾ ಮಾರುವವನ ಬದುಕು ಸೇತುವೆ ಬಂದ ಮೇಲೆ ಮೊದಲಿನಂತೆ ಇರಲು ಸಾಧ್ಯವೇ? ನೀರು ಬಂದರೂ ಸೇತುವೆ ಬಂದರೂ ಯಾರೋ ಒಬ್ಬ ಹೊಸ ಕೆಲಸ ಕಲಿಯಲೇಬೇಕು. ಕಸುಬು ಬದಲಾಗಬಹುದು. ಅನ್ನ ಕೊಡುವ ರಝ್ಝಾಕ್ ಬದಲಾಗುವುದಿಲ್ಲ.

ಆ ಸಹೋದರ ಎರಡು ದಿನ ಯೋಚಿಸಿ ಕೆಲಸಕ್ಕೆ ಹೋದರು. ಮೊದಲ ತಿಂಗಳು ಸಿಮೆಂಟು ಕಲಸುವುದು, ಟೈಲ್ಸ್ ಹೊರುವುದು, ನೆಲ ಒರೆಸುವುದು. ಬೀದಿಯಲ್ಲಿ ಹಳೆಯ ಪರಿಚಯದವರು ಕಂಡರೆ ಮುಖ ತಿರುಗಿಸುತ್ತಿದ್ದೆ ಎಂದು ಅವರೇ ನನಗೆ ಹೇಳಿದ್ದಾರೆ. ಮೂರನೇ ತಿಂಗಳಲ್ಲಿ ಒಂದು ಬಚ್ಚಲುಮನೆಯ ನೆಲವನ್ನು ಇವರ ಕೈಗೆ ಬಿಟ್ಟ ಮೇಸ್ತ್ರಿ. ಕೆಲಸ ಮುಗಿದಾಗ ನೋಡಲು ಚೆಂದವಾಗಿತ್ತು. ಮೇಸ್ತ್ರಿ ಬೈಯಲಿಲ್ಲ, ಹೊಗಳಲಿಲ್ಲ. "ಸಾಬ್ರೇ, ಒಂದು ಚೊಂಬು ನೀರು ಹುಯ್ಯಿರಿ" ಎಂದ. ನೀರು ತೂಬಿನ ಕಡೆ ಹೋಗದೆ ಮೂಲೆಯಲ್ಲಿ ನಿಂತಿತು. "ಕಣ್ಣು ಸುಳ್ಳು ಹೇಳುತ್ತೆ, ನೀರು ಹೇಳಲ್ಲ. ಕೀಳೋಣ ಬನ್ನಿ" ಎಂದು ತಾನೂ ಜೊತೆಗೆ ಕುಳಿತು ಕಿತ್ತ. ಮನೆಯವರ ಮುಂದೆ ಇವರ ತಪ್ಪು ಎನ್ನಲಿಲ್ಲ.

ಈ ಚೊಂಬು ನೀರಿನಲ್ಲಿ ನಮಗೆ ಮೂರು ಪಾಠಗಳಿವೆ.

ಒಂದು, ಕಲಿಯುವವನಿಗೆ. ಮೂಸಾ(ಅ)ರಿಗೆ ವಿಧಿಸಿದ ಷರತ್ತು ತಾಳ್ಮೆ. ದೊಡ್ಡವರಾಗಿ ಕಲಿಯುವವರಿಗೆ ಬುದ್ಧಿ ಕಡಿಮೆಯಲ್ಲ, ತಾಳ್ಮೆ ಕಡಿಮೆ. ನಾನು ಇಷ್ಟು ವರ್ಷ ದುಡಿದವನು, ನನಗೆ ಇವನು ಹೇಳುವುದೇ ಎಂಬ ಮಾತು ನಾಲಿಗೆಯ ತುದಿಯಲ್ಲಿರುತ್ತದೆ. ಅದನ್ನು ನುಂಗುವುದೇ ಮೊದಲ ತಿಂಗಳ ಪಾಠ. ಎರಡನೆಯದಾಗಿ, ಯಾವ ಕೆಲಸ ಮಾಡಿದರೂ ಅಚ್ಚುಕಟ್ಟಾಗಿ ಮಾಡುವುದನ್ನು ಅಲ್ಲಾಹನು ಮೆಚ್ಚುತ್ತಾನೆ ಎಂಬ ಬೋಧನೆ ಹದೀಸಿನಲ್ಲಿದೆ. ಇದಕ್ಕೆ ಇತ್ಕಾನ್ ಎನ್ನುತ್ತಾರೆ. ಗಾರೆ ಕೆಲಸದಲ್ಲಿ ಇತ್ಕಾನ್ ಎಂದರೇನು? ಗೋಡೆಗೆ ತೂಗುಗುಂಡು ಹಿಡಿಯುವುದು. ನೆಲಕ್ಕೆ ರಸಮಟ್ಟ ಇಡುವುದು. ಕಲಸಿಟ್ಟ ಸಿಮೆಂಟು ಗಟ್ಟಿಯಾಗತೊಡಗಿದ ಮೇಲೆ ನೀರು ಚಿಮುಕಿಸಿ ಬಳಸದಿರುವುದು. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ಬಿಡದೆ ನೀರುಣಿಸುವುದು. ಗಿಲಾವು ಬಳಿದ ಮೇಲೆ ಒಳಗಿನ ತಪ್ಪು ಮನೆಯವರಿಗೆ ಕಾಣುವುದಿಲ್ಲ. ಆದರೆ ಆಗುಂಬೆ ಹುಲಿಕಲ್ಲುಗಳ ಮಳೆಗೆ ಕಾಣುತ್ತದೆ. ಅದಕ್ಕೂ ಮೊದಲು ಅಲ್ಲಾಹನಿಗೆ ಕಾಣುತ್ತದೆ. ಕಾಣದ ಜಾಗದಲ್ಲಿ ಸರಿಯಾಗಿ ಕೆಲಸ ಮಾಡುವುದೇ ತಖ್ವಾ.

ಎರಡು, ಕಲಿಸುವವನಿಗೆ. ಇಲ್ಲಿ ಕುಳಿತಿರುವ ಮೇಸ್ತ್ರಿಗಳೇ, ವೈರಿಂಗ್ ಮಾಡುವವರೇ, ಪ್ಲಂಬರ್‌ಗಳೇ, ಪೇಂಟಿಂಗ್ ಕೆಲಸದವರೇ, ನಿಮ್ಮಲ್ಲಿ ಹೆಚ್ಚಿನವರು ತರುಣರು. ನಿಮ್ಮ ತಂದೆಯ ವಯಸ್ಸಿನವರು ಕೆಲಸ ಕಲಿಯಲು ಬಂದರೆ ತಮಾಷೆ ಮಾಡಬೇಡಿ. ಹತ್ತು ಜನರ ಮುಂದೆ ತಪ್ಪು ಎಣಿಸಬೇಡಿ. ಮಸೀದಿ ಕಟ್ಟುವಾಗ ನಡೆದ ಒಂದು ಘಟನೆ ಕೇಳಿ. ಯಮಾಮಾ ಕಡೆಯ ಬನೂ ಹನೀಫಾ ಬುಡಕಟ್ಟಿನ ತಲ್ಕ್ ಬಿನ್ ಅಲೀ(ರ) ಎಂಬವರು ಬಂದಿದ್ದರು. ಮದೀನಾದವರಲ್ಲ, ಕುರೈಶರೂ ಅಲ್ಲ. ಅವರು ಮಣ್ಣು ಕಲಸುವ ಹದವನ್ನು ಪ್ರವಾದಿ(ಸ) ಗಮನಿಸಿದರು. ಮಣ್ಣಿನ ಕೆಲಸವನ್ನು ಇವರಿಗೆ ಬಿಡಿ, ನಿಮ್ಮೆಲ್ಲರಿಗಿಂತ ಇವರಿಗೆ ಚೆನ್ನಾಗಿ ಬರುತ್ತದೆ ಎಂಬರ್ಥದಲ್ಲಿ ಹೇಳಿದರು. ಕೆಲಸ ಬಲ್ಲವನನ್ನು ಗುರುತಿಸಲು ಪ್ರವಾದಿವರ್ಯರು(ಸ) ಅವನ ಬುಡಕಟ್ಟನ್ನು ನೋಡಲಿಲ್ಲ, ಕೈಯನ್ನು ನೋಡಿದರು. ನಮ್ಮ ಆ ಪಕ್ಕದ ಮನೆಯ ಹುಡುಗ ನಮ್ಮವನಲ್ಲ ಎಂದು ಯಾರಾದರೂ ಅಂದರೆ ನನ್ನ ಉತ್ತರ ಇಷ್ಟೇ: ನಮ್ಮ ಒಂದು ಮನೆಯ ಒಲೆ ಅವನಿಂದ ಉರಿಯುತ್ತಿದೆ. ಅವನಿಗಾಗಿ ದುಆ ಮಾಡಿ.

ಮೂರು, ನಮ್ಮೆಲ್ಲರಿಗೆ, ಅಂದರೆ ಜಮಾಅತಿಗೆ. ಅಬೂ ದಾವೂದ್ ಗ್ರಂಥದಲ್ಲಿ ಒಂದು ಘಟನೆ ಇದೆ. ಅನ್ಸಾರಿಯೊಬ್ಬರು ಪ್ರವಾದಿ(ಸ)ರ ಬಳಿ ನೆರವು ಬೇಡಲು ಬಂದರು. ಮನೆಯಲ್ಲಿ ಏನಿದೆ ಎಂದು ಕೇಳಿದರು. ಒಂದು ಕಂಬಳಿ, ಒಂದು ಬಟ್ಟಲು. ಅವೆರಡನ್ನೂ ತರಿಸಿ ಹರಾಜು ಹಾಕಿದರು. ಒಬ್ಬರು ಒಂದು ದಿರ್ಹಮ್ ಎಂದರು, ಇನ್ನೊಬ್ಬರು ಎರಡು ಕೊಟ್ಟರು. ಒಂದು ದಿರ್ಹಮಿಗೆ ಮನೆಗೆ ಆಹಾರ, ಇನ್ನೊಂದಕ್ಕೆ ಕೊಡಲಿ. ಆ ಕೊಡಲಿಗೆ ಪ್ರವಾದಿ(ಸ) ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಕಟ್ಟಿಗೆ ಕಡಿದು ಮಾರು, ಹದಿನೈದು ದಿನ ನನ್ನ ಕಣ್ಣಿಗೆ ಬೀಳಬೇಡ ಎಂದು ಕಳಿಸಿದರು. ಆ ವ್ಯಕ್ತಿ ಮರಳಿ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ನಾವು ಈ ಹದೀಸನ್ನು ಬೇಡಬೇಡಿ ಎಂದು ಉಪದೇಶಿಸಲು ಮಾತ್ರ ಬಳಸುತ್ತೇವೆ. ಕೊಡಲಿಗೆ ಹಿಡಿ ಹಾಕಿದ್ದನ್ನು ಮರೆಯುತ್ತೇವೆ. ದುಡಿ ಎಂದು ಹೇಳಿ ಕಳಿಸುವುದು ಸುಲಭ. ಮನೆಯಲ್ಲಿ ಏನಿದೆ ಎಂದು ಕೇಳುವುದು, ಇಂದಿನ ಊಟಕ್ಕೂ ನಾಳೆಯ ಸಲಕರಣೆಗೂ ದಾರಿ ಮಾಡುವುದು, ಹದಿನೈದು ದಿನದ ಬಳಿಕ ಏನಾಯಿತೆಂದು ವಿಚಾರಿಸುವುದು ಇದೇ ಸುನ್ನತ್. ನಡುವಯಸ್ಸಿನಲ್ಲಿ ಕೆಲಸ ಕಲಿಯುವವನ ನಿಜವಾದ ಕಷ್ಟ ಕಲಿಕೆಯಲ್ಲ, ಕಲಿಯುವ ಆರು ತಿಂಗಳು ಮನೆ ನಡೆಸುವುದು. ಇಪ್ಪತ್ತರ ಹುಡುಗ ಅಪ್ಪನ ಅನ್ನ ಉಂಡು ಕಲಿಯುತ್ತಾನೆ. ಐವತ್ತರವನ ಅನ್ನಕ್ಕಾಗಿ ಐದು ಜನ ಕಾಯುತ್ತಿರುತ್ತಾರೆ. ಆಗಲೇ ಬಡ್ಡಿ ಸಾಲದವರು ಬಾಗಿಲಿಗೆ ಬರುವುದು. ನಮ್ಮ ಬೈತುಲ್ ಮಾಲ್ ಮದುವೆಗೆ, ಆಸ್ಪತ್ರೆಗೆ ನೆರವಾಗುತ್ತದೆ, ಅಲ್‌ಹಮ್ದುಲಿಲ್ಲಾಹ್. ಕಸುಬು ಕಲಿಯುವವನ ಮನೆಗೆ ಆರು ತಿಂಗಳ ರೇಷನ್, ಟೈಲ್ಸ್ ಕತ್ತರಿಸುವ ಯಂತ್ರಕ್ಕೋ ಡ್ರಿಲ್ಲಿಂಗ್ ಯಂತ್ರಕ್ಕೋ ಬಡ್ಡಿಯಿಲ್ಲದ ಕರ್ಝೆ ಹಸನ, ಇದನ್ನೂ ಅದರ ಲೆಕ್ಕದಲ್ಲಿ ಒಂದು ಬಾಬ್ತಾಗಿ ಸೇರಿಸಬೇಕೆಂದು ಮಸೀದಿ ಕಮಿಟಿಗಳನ್ನು ಈ ಮಿಂಬರಿನಿಂದ ಕೇಳಿಕೊಳ್ಳುತ್ತೇನೆ. ಸಾಲ ಪಡೆದವರೂ ಕೇಳಿಸಿಕೊಳ್ಳಿ: ಕರ್ಝೆ ಹಸನ ದಾನವಲ್ಲ. ನೀವು ಹಿಂದಿರುಗಿಸಿದ ಹಣದಲ್ಲೇ ಇನ್ನೊಬ್ಬನ ಕರಣೆ ಬರಬೇಕು.

ಸರಕಾರದಲ್ಲೂ ನಮ್ಮ ಹಕ್ಕುಗಳಿವೆ. 1996ರಲ್ಲಿ ಬಂದ ಕೇಂದ್ರದ ಕಾನೂನಿನ ಆಧಾರದಲ್ಲಿ ಸ್ಥಾಪನೆಯಾದ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಕೆಲಸ ಮಾಡುತ್ತಿದೆ. ಹದಿನೆಂಟು ತುಂಬಿದ, ಅರವತ್ತು ತುಂಬದ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಅಲ್ಲಿ ಹೆಸರು ನೋಂದಾಯಿಸಬಹುದು. ಬಾಂಡ್ಲಿ ಹೊರುವವನೂ ಕಾರ್ಮಿಕನೇ. ಆದ್ದರಿಂದ ತಡವಾಗಿ ಈ ಕೆಲಸಕ್ಕೆ ಬಂದವರು ಮೊದಲ ದಿನದಿಂದಲೇ ದಿನ ಬರೆದಿಡಿ. 90 ದಿನ ತುಂಬಿದ ಕೂಡಲೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಅರವತ್ತು ಹತ್ತಿರ ಬರುವ ತನಕ ಕಾಯಬೇಡಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿ ಕೆಲಸವೂ ಗಾರೆ ಕೆಲಸವೂ ಸೇರಿವೆ. ಸ್ವಂತವಾಗಿ ಆ ಕಸುಬು ಮಾಡುತ್ತಿರುವವರಿಗೆ ಕೆಲವು ದಿನಗಳ ತರಬೇತಿ, ಆ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ನೆರವು ಅದರಲ್ಲಿದೆ. ಸಾಲವೂ ಇದೆ, ಆದರೆ ಅದಕ್ಕೆ ಶೇ. 5ರ ಬಡ್ಡಿ ಇದೆ. ಬಡ್ಡಿಯ ಸಾಲವನ್ನು ಬಿಟ್ಟು ತರಬೇತಿ ಮತ್ತು ಸಲಕರಣೆಯ ನೆರವನ್ನು ವಿಚಾರಿಸಿ. ಓದು ಬರಹ ಬಲ್ಲ ನಮ್ಮ ತರುಣರು ಇಂಥವರ ಅರ್ಜಿ ತುಂಬಿಕೊಡಲಿ, ಅದೂ ಸದಕಾ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಒಂದು ದಿನವೂ ಕಟ್ಟಡ ಕೆಲಸ ಮಾಡದವನು ಸುಳ್ಳು ಪತ್ರ ಕೊಟ್ಟು ಕಾರ್ಮಿಕ ಕಾರ್ಡ್ ಮಾಡಿಸಿಕೊಳ್ಳುವುದು ಹರಾಮ್. ಅದು ಸರಕಾರದ ದುಡ್ಡಲ್ಲ, ಸಾರ್ವೆಯ ಮೇಲಿಂದ ಬಿದ್ದವನ ಮಕ್ಕಳ ದುಡ್ಡು.

ಮನೆ ಕಟ್ಟಿಸುವವರಿಗೂ ಒಂದು ಮಾತು. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ನ್ಯಾಯದ ದಿನ ಅಲ್ಲಾಹನೇ ವಾದಿಯಾಗಿ ನಿಲ್ಲುವನು ಎಂದು ಬುಖಾರಿಯ ವರದಿಯಲ್ಲಿದೆ. ಹೊಸದಾಗಿ ಕಲಿತವನು, ನಮ್ಮವನೇ ತಾನೇ, ಆಮೇಲೆ ಕೊಟ್ಟರಾಯಿತು ಎನ್ನಬೇಡಿ. ಮಳೆಗಾಲದ ತಿಂಗಳುಗಳಲ್ಲಿ ನಮ್ಮ ಕಡೆ ಹೊರಗಿನ ಕಟ್ಟಡ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ ಎಂಬುದು ನಿಮಗೆ ಗೊತ್ತು. ಮೇ ತಿಂಗಳಲ್ಲಿ ನೀವು ಉಳಿಸಿಕೊಂಡ ಬಾಕಿ ಅವನ ಜುಲೈ ತಿಂಗಳ ಗಂಜಿ.

ಕಲಿಯಲು ಹೊರಟವರು ತಮ್ಮ ದೇಹದ ಹಕ್ಕನ್ನೂ ಮರೆಯಬಾರದು. ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮಂಡಿ ನೋವಿರುವವರಿಗೆ ಟೈಲ್ಸ್ ಕೆಲಸ ಕಷ್ಟ, ಅವರು ವೈರಿಂಗ್ ಅಥವಾ ಪೇಂಟಿಂಗ್ ನೋಡಲಿ. ತಲೆ ಸುತ್ತುವವರು ಸಾರ್ವೆ ಹತ್ತಬಾರದು, ಜೂನ್ ಹತ್ತಿರ ಬಂತೆಂದು ಪಾಚಿ ಹಿಡಿದ ಹೆಂಚಿನ ಮಾಡು ಏರಬಾರದು. ಕರೆಂಟಿನ ಕೆಲಸವನ್ನು ಅರ್ಧ ಕಲಿತು ಒಬ್ಬರೇ ಮಾಡಬಾರದು. ಕಲ್ಲು, ಟೈಲ್ಸ್ ಕತ್ತರಿಸುವಾಗ ಮೂಗು ಬಾಯಿಗೆ ಬಟ್ಟೆ ಸಾಲದು, ಧೂಳು ತಡೆಯುವ ಮಾಸ್ಕ್ ಬೇಕು, ಕಣ್ಣಿಗೆ ಕನ್ನಡಕ ಬೇಕು. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡುವುದು.

ಮನೆಯ ಮಕ್ಕಳೇ, ಸಂಜೆ ಅಬ್ಬಾ ಸಿಮೆಂಟು ಮೆತ್ತಿದ ಬಟ್ಟೆಯಲ್ಲಿ ಬಂದರೆ ಗೆಳೆಯರ ಮುಂದೆ ನಾಚಬೇಡಿ. ಎದ್ದು ಬಾಗಿಲು ತೆಗೆಯಿರಿ. ಬಿಸಿನೀರು ಕಾಯಿಸಿಡಿ. ಆ ಕೈಗಳು ನಿಮಗೆ ಹಲಾಲ್ ಅನ್ನ ತಂದಿವೆ.

ಆ ಸಹೋದರನ ವಿಷಯ ಹೇಳಿ ಮುಗಿಸುತ್ತೇನೆ. ಅವರು ಈಗಲೂ ದೊಡ್ಡ ಮೇಸ್ತ್ರಿಯಲ್ಲ. ಆ ಹುಡುಗನ ಜೊತೆಯಲ್ಲೇ ಇದ್ದಾರೆ, ಸಣ್ಣ ಕೆಲಸಗಳನ್ನು ಸ್ವಂತ ಒಪ್ಪಿಕೊಳ್ಳುತ್ತಾರೆ. ಸಾಲ ಇನ್ನೂ ಪೂರ್ತಿ ತೀರಿಲ್ಲ. ಆದರೆ ಅವರ ಮನೆಯವರು ಈಗ ರಾತ್ರಿ ಅಡಿಕೆ ಸುಲಿಯಲು ಹೋಗುವುದಿಲ್ಲ. ನಮ್ಮ ಮಸೀದಿಯ ವುಝೂ ಮಾಡುವ ಜಾಗದಲ್ಲಿ ಹಿಂದೆಲ್ಲ ನೀರು ನಿಂತು ಹಿರಿಯರು ಜಾರುತ್ತಿದ್ದರು. ಹೋದ ತಿಂಗಳು ಅವರು ಆ ನೆಲವನ್ನು ಕಿತ್ತು ಹೊಸದಾಗಿ ಹಾಕಿದರು. ಇಂದು ನೀವೆಲ್ಲ ಅದರ ಮೇಲೆ ನಿಂತೇ ವುಝೂ ಮಾಡಿ ಬಂದಿರಿ. ನೀರು ಹರಿದು ಹೋಯಿತು, ಯಾರೂ ಗಮನಿಸಲಿಲ್ಲ. ಖಿದ್ರ್(ಅ) ನಿಲ್ಲಿಸಿದ ಆ ಗೋಡೆಯನ್ನು ದಾಟಿ ಹೋದವರೂ ಗಮನಿಸಿರಲಿಕ್ಕಿಲ್ಲ. ಗಮನಿಸುವವನು ಒಬ್ಬನಿದ್ದಾನೆ, ಅವನಿಗೆ ಯಾರ ದುಡಿಮೆಯೂ ಮರೆಯುವುದಿಲ್ಲ.

ಅಲ್ಲಾಹನೇ, ಕೆಲಸ ಕಳೆದುಕೊಂಡವರಿಗೆ ಹೊಸ ಬಾಗಿಲು ತೆರೆ. ಕಲಿಯುವವರಿಗೆ ತಾಳ್ಮೆಯನ್ನೂ ಕಲಿಸುವವರಿಗೆ ಮೃದುತ್ವವನ್ನೂ ನೀಡು. ನಮ್ಮನ್ನು ಬಡ್ಡಿಯಿಂದ ಕಾಪಾಡು. ಎತ್ತರದಲ್ಲಿ, ಮಳೆಯಲ್ಲಿ, ಬಿಸಿಲಲ್ಲಿ ದುಡಿಯುವ ಎಲ್ಲ ಧರ್ಮದ ಕಾರ್ಮಿಕರನ್ನು ಸುರಕ್ಷಿತವಾಗಿ ಮನೆ ಸೇರಿಸು. ನಮ್ಮ ದುಡಿಮೆಯಲ್ಲಿ ಬರಕತ್ ನೀಡು. ಆಮೀನ್.